ಮಾವನ ಬೆನ್ನ ಹಿಂದಿನ ಡಿಶ್

ಗುಜರಿ ಲೋಕದಲ್ಲಿ ಎರಡೇ ಬಗೆಯ ಜನ: ಮಾರುವವರು, ಕೊಳ್ಳುವವರು. ನನ್ನ ಸೋದರಮಾವ ಮಾತ್ರ ಮೂರನೆಯ ಬಗೆ. ಗುಜರಿಯನ್ನು ಮನೆಗೆ ಕರೆದು ಬೀಗರಂತೆ ಕೂಡಿಸುವವನು! ಬಳ್ಳಾರಿಯಲ್ಲಿ ತಕ್ಕಡಿ ಹಿಡಿದು ಮೇಲೆ ಬಂದವನು ನಾನು. ನನಗೇ ಇಂಥ ಮಾವ ಸಿಗಬೇಕೆ?

ಸಿರುಗುಪ್ಪದಲ್ಲಿ ಕೇಬಲ್ಲಿನವನೊಬ್ಬ ಮಾಳಿಗೆ ಮೇಲಿನ ಹಳೇ ಡಿಶ್ ಇಳಿಸುತ್ತಾನೆಂದು ಗಾಡಿ ತೆಗೆದುಕೊಂಡು ಹೋದೆ. ಆಳೆತ್ತರದ ತಗಡಿನ ಡಿಶ್. ನಿಮಗೊಂದು ಬುದ್ಧಿಮಾತು: ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರಲಿ. ಮಾರುವವನು ಅತ್ತ ತಿರುಗಿದಾಗ ಮುಟ್ಟಿಸಿ ನೋಡಿ. ಅಂಟಿದರೆ ಕಬ್ಬಿಣ. ಅಂಟದಿದ್ದರೆ ಅಲ್ಯೂಮಿನಿಯಂ, ಆಗ ಮುಖ ಸಪ್ಪಗೆ ಮಾಡಿಕೊಳ್ಳಿ. ನಾನು ಸಪ್ಪಗೆ ಮಾಡಿಕೊಂಡೇ ಕೊಂಡೆ.

ಬರುವಾಗ ಕುರುಗೋಡಿನಲ್ಲಿ ಅತ್ತೆಯನ್ನು ನೋಡಲು ಗಾಡಿ ನಿಲ್ಲಿಸಿದ್ದೇ ತಪ್ಪಾಯಿತು. ಅತ್ತೆಗೆ ಗಂಟಲಲ್ಲಿ ಹುಣ್ಣು. ಆಪರೇಷನ್ ಆದಮೇಲೆ ಉಳಿದದ್ದು ಪಿಸುದನಿ ಮಾತ್ರ. ದಿನಗಳೂ ಹೆಚ್ಚು ಉಳಿದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಮಾವನೋ, ಮೂವತ್ತು ವರ್ಷ ಅಕ್ಕಿ ಗಿರಣಿಯ ಸದ್ದಿನಲ್ಲಿ ದುಡಿದು ಕಿವಿ ಕಳೆದುಕೊಂಡವನು. ಇಬ್ಬರಿಗೂ ಅಕ್ಷರ ಬಾರದು. ಬಾಯಿ ಹೋದ ಹೆಂಡತಿ, ಕಿವಿ ಹೋದ ಗಂಡ! ಕಿವಿಗೆ ಮಷೀನು ಹಾಕಿಸಿಕೊಟ್ಟರೆ, "ಇದ್ರಾಗೂ ಗಿರಣಿನೇ ತಿರುಗ್ತೈತಲೇ" ಎಂದು ಕಿತ್ತು ಗೂಡಿನಲ್ಲಿಟ್ಟಿದ್ದ.

ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದ. "ಇದು ಇಲ್ಲೇ ಇರ್ಲಿ ಬಿಡಲೇ ಅಳಿಯಾ."

"ಮನ್ಯಾಗ ಟೀವಿನೇ ಇಲ್ಲ, ಯಾಕ್ರಿ ಮಾವ?" ಕೂಗಿದೆ.

"ಮೆಣಸಿನಕಾಯಿ ಒಣಗ್ಸಾಕ!"

ಒಣಗಿಸಿದ್ದೂ ಆಯಿತು. ಹುಣಸೆಹಣ್ಣು ಹಚ್ಚಿ ಡಿಶ್ಶನ್ನು ಫಳಫಳ ತಿಕ್ಕಿ, ನಡುವೆ ಮುಂದಕ್ಕೆ ಚಾಚಿದ ಕೊಂಬಿನ ತುದಿಗೆ ಮೆಣಸಿನಕಾಯಿಯ ಗಂಟು ಕಟ್ಟಿ, ಅಂಗಳದಲ್ಲಿ ಸೂರ್ಯನಿಗೆ ಮುಖ ಮಾಡಿಟ್ಟ. ನಮ್ಮ ಬಿಸಿಲೇನು ಸಾಮಾನ್ಯವೇ? ಗಂಟು ಹೊಗೆಯಾಡಿತು. ಓಣಿಗೆ ಓಣಿಯೇ ಕೆಮ್ಮುತ್ತ ಬಾಗಿಲಿಗೆ ಬಂದರೂ ಮಾವನಿಗೆ ಮಾತ್ರ ಏನೂ ಕೇಳಿಸಲಿಲ್ಲ! ಕಡೆಗೆ ಹೊಗೆ ಕಂಡು ಓಡಿಬಂದು, ಡಿಶ್ಶನ್ನು ಕಟ್ಟೆಯ ಕಡೆ ತಿರುಗಿಸಿ, ಗಂಟು ಬಿಚ್ಚಲು ನಡುವೆ ತಲೆ ಹಾಕಿದ. ಕಟ್ಟೆಯ ಮೇಲೆ ಮಲಗಿದ್ದ ಅತ್ತೆಯ ದನಿ ಕಿವಿಗೆ ಬಿತ್ತು:

"ನನ್ನ ಮನ್ಯಾಗ ಸುಡಬ್ಯಾಡೋ ಮುದುಕಾ, ಸುಡುಗಾಡಿಗೆ ಒಯ್ದು ಸುಡು."

ಎಷ್ಟೋ ತಿಂಗಳ ಮೇಲೆ ಕೇಳಿದ ಮೊದಲ ಮಾತು! ಬಿಸಿಲನ್ನು ಒಂದೆಡೆ ಕೂಡಿಸಿದ ಡಿಶ್ ಅವಳ ಪಿಸುದನಿಯನ್ನೂ ಅಲ್ಲಿಗೇ ಕೂಡಿಸಿತ್ತು; ಮಾವ ಗಂಟು ಬಿಚ್ಚುವುದನ್ನೂ ಮರೆತು ತಲೆಯನ್ನು ಅಲ್ಲೇ ಇಟ್ಟುಕೊಂಡನಂತೆ.

ಮುಂದಿನ ಸಲ ಹೋದಾಗ ಡಿಶ್ ಪಡಸಾಲೆ ಸೇರಿತ್ತು. ಅತ್ತೆಯ ಮಂಚದ ಕಡೆ ಅದರ ಮುಖ. ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ, ಡಿಶ್ಶಿಗೆ ಬೆನ್ನು ಹಾಕಿದ ಮಾವ. ವ್ಯಾಪಾರಸ್ಥನ ಬುದ್ಧಿ ಎಲ್ಲಿ ಹೋದೀತು? "ಇಷ್ಟು ದೊಡ್ಡದು ಯಾಕ್ರಿ? ಅತ್ತಿ ಬಾಯಿಗೆ ಕಿವಿ ಹಚ್ಚಿದ್ರ ಸಾಲದೇನು?" ಎಂದೆ.

"ಕಿವಿ ಹಚ್ಚಿದ್ರ ಆಕಿ ಮಾರಿ ಕಾಣಂಗಿಲ್ಲಲೇ" ಎಂದ ಮಾವ.

ಮಳೆಗಾಲ ಬರುವ ಮೊದಲೇ ಅತ್ತೆ ಹೋದಳು. ದಿನಕರ್ಮ ಮುಗಿದ ಮಾರನೇ ದಿನ ಮಾವನೇ ಅಂದ, "ನಿನ್ನ ಡಿಶ್ ಒಯ್ಯೋ ಅಳಿಯಾ."

"ಕಡೀಕ ಅತ್ತಿ ಏನಂದ್ಲು ಮಾವ?" ಕೂಗಿಯೇ ಕೇಳಿದೆ.

"ಬೈದ್ಲು. 'ಆ ಹೊಲಸು ಅಂಗಿ ಬದಲ್ಸು, ನನ್ನ ಮಣ್ಣಿಗೆ ಮಂದಿ ಬರ್ತಾರ' ಅಂದ್ಲು." ಡಿಶ್ಶಿನ ಧೂಳು ಒರೆಸುತ್ತ ಹೇಳಿದ, "ಡಿಶ್ ಬಂದ ಮ್ಯಾಲೆ ಒಂದು ಬೈಗಳಾನೂ ತಪ್ಪಿಸ್ಕೊಂಡಿಲ್ಲ ನಾನು."

ನಾನು ಡಿಶ್ ತಂದೆ. ನಾಲ್ಕು ಸುತ್ತಿಗೆ ಪೆಟ್ಟಿನ ಕೆಲಸ. ಇವತ್ತು ಒಡೆಯೋಣ, ನಾಳೆ ಒಡೆಯೋಣ ಎನ್ನುತ್ತ ಅಂಗಡಿಯ ಗೋಡೆಗೆ ಒರಗಿಸಿದ್ದು ಹಾಗೇ ಉಳಿದಿದೆ. ಗುಜರಿಯವರಿಗೆ ನಾನು ಸದಾ ಹೇಳುವ ಮಾತಿದೆ: ಮಾಲು ಮೂರು ದಿನಕ್ಕಿಂತ ಹೆಚ್ಚು ಅಂಗಡಿಯಲ್ಲಿ ನಿಲ್ಲಬಾರದು. ಇದೊಂದರ ಬಗ್ಗೆ ನನ್ನನ್ನು ಕೇಳಬೇಡಿ.

ಈಗ ವಾರಕ್ಕೊಮ್ಮೆ ಮಾವ ಕುರುಗೋಡಿನಿಂದ ಬಸ್ಸು ಹತ್ತಿ ಬರುತ್ತಾನೆ. ಡಬ್ಬಿಯೊಂದನ್ನು ಎಳೆದುಕೊಂಡು ಡಿಶ್ಶಿಗೆ ಬೆನ್ನು ಹಾಕಿ ಕೂರುತ್ತಾನೆ. ಕಳೆದ ವಾರ ಅವನ ಕಾಲರಿನಲ್ಲಿ ಕೊಳೆ ಕಪ್ಪಾಗಿತ್ತು. ನಾನು ತಕ್ಕಡಿ ಬಿಟ್ಟು ಎದುರಿಗೆ ಕೂತೆ. ಹುಟ್ಟಿದಾಗಿನಿಂದ ಕೂಗಿಯೇ ವ್ಯಾಪಾರ ಮಾಡಿದ ಬಾಯಿ ನನ್ನದು, ಕಷ್ಟಪಟ್ಟು ಪಿಸುದನಿಗೆ ತಗ್ಗಿಸಿದೆ.

"ಅಂಗಿ ಹೊಲಸಾಗೈತೋ ಮುದುಕಾ. ಬದಲ್ಸು."

ಮಾವ ನನ್ನ ಮುಖವನ್ನೇ ನೋಡಿದ. ಆಮೇಲೆ ಒಂದೊಂದೇ ಗುಂಡಿ ಬಿಚ್ಚತೊಡಗಿದ.