ಫೋನಲ್ಲಿ ಕಣ್ಣು ನೋಡದ ಮಾವ

ಪಿ.ಜೆ. ಬಡಾವಣೆಯಲ್ಲಿ ಕಣ್ಣಿನ ಡಾಕ್ಟರಾಗಿದ್ದ ನನ್ನ ಸೋದರಮಾವ ಎದುರಿಗಿರುವ ಕಣ್ಣಲ್ಲಿ ಸಾಸಿವೆಯಷ್ಟು ದೋಷವಿದ್ದರೂ ಹಿಡಿಯುತ್ತಿದ್ದ. ಎದುರಿಗಿಲ್ಲದ ಕಣ್ಣಿನ ವಿಷಯದಲ್ಲಿ ಮಾತ್ರ ಅವನಷ್ಟು ಕುರುಡ ಇಡೀ ದಾವಣಗೆರೆಯಲ್ಲಿರಲಿಲ್ಲ! ಹಿರಿಯನಿಗೆ ಬಹುವಚನ ಕೊಡಬೇಕು, ಗೊತ್ತು. ಕೊಡಲು ನನಗೆ ಮನಸ್ಸಿಲ್ಲ.

ಲೋಕಿಕೆರೆಯ ಗೌಡರೊಬ್ಬರು ಬಸ್ ಕಂಡಕ್ಟರ್ ಕೈಯಲ್ಲಿ ತಮ್ಮ ಕನ್ನಡಕ ಕಳಿಸಿ, ‘ಸರಿಯಾಗಿ ಕಾಣುತ್ತಿಲ್ಲ, ನಂಬರ್ ಬದಲಿಸಿ ಕೊಡಿ’ ಎಂದು ಚೀಟಿ ಇಟ್ಟಿದ್ದರು. ಮಾವ ಅದರ ಹಿಂದೆಯೇ ಬರೆದ: ‘ಕನ್ನಡಕ ಆರೋಗ್ಯವಾಗೈತೆ. ಈಗ ಕಣ್ಣು ಕಳಿಸ್ರಿ.’

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಕಣ್ಣಿನ ಡಾಕ್ಟರುಗಳ ಸಭೆಗೆ ಹುಡುಗು ಡಾಕ್ಟರೊಬ್ಬ ಕಂಪ್ಯೂಟರ್ ಹೊತ್ತು ತಂದ. ಹಳ್ಳಿಯ ರೋಗಿಯ ಕಣ್ಣಿನ ಫೋಟೋ ಟೆಲಿಫೋನ್ ತಂತಿಯಲ್ಲಿ ಬರುತ್ತದಂತೆ, ಕೂತಲ್ಲೇ ಸಲಹೆ ಕೊಡಬಹುದಂತೆ! ಅರ್ಧ ಜನರಿಗೆ ಇದೇನೆಂದು ಅರ್ಥವಾಗಲಿಲ್ಲ. ಅರ್ಥವಾದ ಅರ್ಧ ಜನರಿಗೆ ರೋಗಿಗಳು ಕೈತಪ್ಪುವ ಭಯ. ಮಾವ ಎದ್ದುಹೋಗಿ ಪರದೆಯ ಮೇಲಿನ ಕಣ್ಣಿಗೆ ಟಾರ್ಚ್ ಬಿಟ್ಟ.

“ಪಾಪೆ ಕುಗ್ಗಲಿಲ್ಲಲ್ಲಪ್ಪಾ. ಪಾಪ, ರೋಗಿ ಹೋಗಿಬಿಟ್ಟಾನೆ!”

“ಸರ್, ಅದು ಫೋಟೋ.”

“ನಾನೂ ಅದನ್ನೇ ಹೇಳಿದ್ದು, ಕೂಡ್ರಿ.”

ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಮಾವನ ಜೊತೆ ಹೋಗಿ ಹಿಂದೆ ಕೂತಿದ್ದ ನಾನೂ ನಕ್ಕೆ. ಆ ನಗುವಿಗೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಯಾಕೆಂದರೆ ಮುಂದಿನ ತಿಂಗಳೇ ಹರಿಹರದಿಂದ ಅಮ್ಮ ಅವನಿಗೆ ಫೋನ್ ಮಾಡಿದಳು. “ತಮ್ಮಾ, ಕಣ್ಣು ನೋಯ್ತೈತೆ ಕಣೋ...”

“ಅಕ್ಕಾ, ಫೋನಲ್ಲಿ ಕಣ್ಣಿನ ಮಾತು ಬ್ಯಾಡ. ಬಿಡುವಾದಾಗ ಬಾ, ನೋಡ್ತೀನಿ.” ಫೋನ್ ಇಟ್ಟೇಬಿಟ್ಟ!

ಅಮ್ಮನಿಗೆ ಬಿಡುವಾದದ್ದು ಮೂರು ದಿನದ ಮೇಲೆ. ಅಷ್ಟರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ಬಲಗಣ್ಣು ಹೋಗಿತ್ತು. ವಾಂತಿ ಆಗುತ್ತಿದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದೆ ಎಂದು ಹೇಳುವುದು ಅವಳಿಗೆ ಬಾಕಿ ಇತ್ತು. “ಆ ಒಂದು ಮಾತು ಕೇಳಿದ್ರೆ ಆಗಲೇ ಓಡಿ ಬರ್ತಿದ್ದೆ” ಎಂದು ಮಾವ ತಲೆ ಚಚ್ಚಿಕೊಂಡ. ಚಚ್ಚಿಕೊಳ್ಳಲಿ! ಹದಿನಾಲ್ಕು ಕಿಲೋಮೀಟರ್ ದೂರದ ಅಕ್ಕನ ಮಾತು ಮುಗಿಯುವವರೆಗೆ ಕಾಯದವನು ಎಂಥ ಡಾಕ್ಟರ್?

ಎಡಗಣ್ಣಿಗೂ ಹಾಗಾಗದಂತೆ ಅವತ್ತೇ ಚಿಕಿತ್ಸೆಯಾಯಿತು. ಆಮೇಲೆ ದಿನಾ ಬೆಳಿಗ್ಗೆ ಮಾವನದೇ ಫೋನು! “ಅಕ್ಕಾ, ದೂರ ನಿಂತು ಕ್ಯಾಲೆಂಡರ್ ಓದು.” ಅಮ್ಮ ಸಾಲಾಗಿ ಅಂಕಿ ಓದುತ್ತಿದ್ದಳು. ನಾನು ಮಾತ್ರ ಅವನೊಂದಿಗೆ ಮಾತು ಬಿಟ್ಟೆ. ಹೀಗೇ ಎರಡು ವರ್ಷ ಕಳೆಯಿತು.

ಒಂದು ದಿನ ಅಮ್ಮ ಎಂಟನ್ನು ಮೂರು ಎಂದಳು. ಮುಕ್ಕಾಲು ಗಂಟೆಯಲ್ಲಿ ಮಾವ ನಮ್ಮ ಹರಿಹರದ ಮನೆಯ ಬಾಗಿಲಲ್ಲಿದ್ದ, ಬರಿಗಾಲಲ್ಲಿ, ಏದುಸಿರು ಬಿಡುತ್ತ. ಅಮ್ಮನ ಕಣ್ಣನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿದ.

“ಚೆನ್ನಾಗೇ ಐತಲ್ಲಕ್ಕಾ! ಯಾಕ ತಪ್ಪು ಓದ್ದೆ?”

“ಫೋನಲ್ಲಿ ನಿನ್ನ ಮುಖ ಕಾಣಲ್ಲಪ್ಪಾ” ಎಂದಳು ಅಮ್ಮ. “ನನ್ನ ಮುಖ ನೋಡೋಕೆ ಹೆದರಿ ನೀನು ಈ ಕಡೆ ಬರೋದೇ ಬಿಟ್ಟೆ. ಇರೋ ಒಂದು ಕಣ್ಣಲ್ಲಿ ನಿನ್ನ ನೋಡ್ಬೇಕು ಅನ್ನಿಸ್ತು.”

ಮಾವ ಅವಳ ಮಡಿಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎದ್ದು, ತಿಂಡಿಗೆ ಅವನಿಗೂ ಒಂದು ತಟ್ಟೆ ಹಾಕಿದೆ.