ಕಿರ್ರಣ್ಣನ ಮೂವರು ರೋಗಿಗಳು

ಆಸ್ಪತ್ರೆಯವರು ಖರ್ಚು ತಗ್ಗಿಸಲು ಶುರುಮಾಡಿದ್ದು ಸ್ಟ್ರೆಚರಿನ ಚಕ್ರಕ್ಕೆ ಹಾಕುವ ಎಣ್ಣೆಯಿಂದ. ಅಂದಿನಿಂದ ಅದು ಕಿರ್ರೋ ಎಂದು ಅರಚತೊಡಗಿ, ಹನ್ನೆರಡು ವರ್ಷಗಳಿಂದ ಅದನ್ನು ತಳ್ಳುತ್ತಿದ್ದ ಬಡಪಾಯಿಗೆ ಕಿರ್ರಣ್ಣ ಎಂಬ ಹೆಸರು ಅಂಟಿಕೊಂಡಿತು. ಎಣ್ಣೆಯ ನಂತರ ಅರ್ಧದಷ್ಟು ಫ್ಯಾನುಗಳು ಹೋದವು. ಈಗ ತುರ್ತು ಚಿಕಿತ್ಸಾ ವಾರ್ಡಿನ ಸರದಿ.

“ಹನ್ನೊಂದು ಗಂಟೆಗೆ ಉಳಿತಾಯದ ಸಾಹೇಬ್ರು ಬರ್ತಾರೆ,” ಎಂದರು ಹೆಡ್ ನರ್ಸ್. “ಹಾಸಿಗೆ ಖಾಲಿ ಇದ್ರೆ ವಾರ್ಡಿಗೆ ಬೀಗ. ನನ್ನನ್ನ ಇನ್ನೊಂದು ವಾರ್ಡಿಗೆ ಹಾಕ್ತಾರೆ. ನಿನ್ನನ್ನ ಮನೆಗೆ ಕಳಿಸ್ತಾರೆ.”

ಇದ್ದದ್ದು ಮೂರು ಹಾಸಿಗೆ. ಮೂರೂ ಖಾಲಿ. ಹಾಳಾದ್ದು, ಆ ಬೆಳಿಗ್ಗೆ ಊರಿನಲ್ಲಿ ಒಬ್ಬನಾದರೂ ಮೆಟ್ಟಿಲಿನಿಂದ ಉರುಳಬಾರದಿತ್ತೇ? ಕೆಲಸ ಹೋದರೆ ಕಿರ್ರಣ್ಣ ದಿನವಿಡೀ ಮನೆಯಲ್ಲಿ ಅತ್ತೆಯ ಎದುರು ಕೂರಬೇಕು. ಸ್ಟ್ರೆಚರ್ ತಳ್ಳಿಕೊಂಡು ಹಿಂದಿನ ಬೀದಿಯ ತನ್ನ ಮನೆ ಕಡೆಗೇ ಓಡಿದ.

ಸಹಾಯ ಕೇಳಿದ್ದೇ ತಡ, ಪಕ್ಕದ ಮನೆಯ ಟೈಲರ್ ಅಂಗಡಿ ಮುಚ್ಚಿದ. ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಷೂ ಪಾಲಿಶ್ ಮಾಡಿಕೊಂಡು ಬಂದರು. ಅತ್ತೆಯಂತೂ ದಿಂಬಿನ ಸಮೇತ ಹೊರಟರು.

“ಅಳಿಯಂದ್ರೇ, ಕಿಟಕಿ ಪಕ್ಕದ ಹಾಸಿಗೆ ನಂಗೆ. ಕಾಯಿಲೆ ಯಾವ್ದಾದ್ರೂ ಕೊಡಿ, ಪರವಾಗಿಲ್ಲ.”

ಮೂವರನ್ನೂ ವಾರ್ಡಿಗೆ ಕರೆತಂದು ಮಲಗಿಸಿ ಕಿರ್ರಣ್ಣ ಕಾಯಿಲೆಗಳನ್ನು ಹಂಚಿದ. ಟೈಲರನಿಗೆ ಹೊಟ್ಟೆನೋವು. ಮೇಷ್ಟ್ರಿಗೆ ಪ್ರಜ್ಞೆ ಇಲ್ಲ. ಅತ್ತೆಗೆ ಮಾತು ನಿಂತಿದೆ. ಕೊನೆಯದು ಅವನ ಬಹುದಿನದ ಆಸೆಯೂ ಆಗಿತ್ತು. ಹೆಡ್ ನರ್ಸ್ “ನಾನೇನೂ ನೋಡಿಲ್ಲಪ್ಪ” ಎಂದು ಗೋಡೆ ಕಡೆ ತಿರುಗಿದರು.

ಸಾಹೇಬರು ಬಂದರು. ಟೈಲರ್ ನರಳುತ್ತಲೇ ಅವರ ಕೋಟಿನ ತೋಳು ಹಿಡಿದುಕೊಂಡ. “ಅಯ್ಯಮ್ಮಾ... ಸಾರ್, ಹೊಲಿಗೆ ಬಿಟ್ಟಿದೆ, ಸಂಜೆ ಅಂಗಡಿ ಹತ್ರ ಬನ್ನಿ... ಅಯ್ಯೋ ಸತ್ತೆ!”

ಸಾಹೇಬರು ತೋಳು ಬಿಡಿಸಿಕೊಂಡು ಮುಂದಿನ ಹಾಸಿಗೆಗೆ ಬಗ್ಗಿದರು. “ಇವರಿಗೆ ಪ್ರಜ್ಞೆ ಇಲ್ವಾ?”

“ಇಲ್ಲ ಸಾರ್!” ಎಂದು ಮೇಷ್ಟ್ರು ಮಲಗಿದಲ್ಲೇ ಸೆಲ್ಯೂಟ್ ಹೊಡೆದರು.

“ಅಷ್ಟು ಜೋರಾಗಿ ಯಾಕ್ರೀ ಕಿರಿಚ್ತೀರಾ?” ಎಂದು ಮಾತು ನಿಂತಿದ್ದ ಅತ್ತೆ ಗದರಿದರು.

ಬೆಚ್ಚಿ ಹಿಂದೆ ಸರಿದ ಸಾಹೇಬರು ಸ್ಟ್ರೆಚರಿಗೆ ಎಡವಿ ದಢಾರನೆ ಬಿದ್ದರು. ಹಣೆ ಒಡೆದು ರಕ್ತ ಬಂತು. ಆ ಬೆಳಗಿನ ಮೊದಲ ಅಸಲಿ ರೋಗಿ! ಕಿರ್ರಣ್ಣ ಗಾಬರಿಯಿಂದ ಸ್ಟ್ರೆಚರ್ ಎಳೆದ. ಚಕ್ರ ಕಚ್ಚಿಕೊಂಡು ಅಲುಗಲಿಲ್ಲ.

“ಒಂದು, ಎರಡು, ಎತ್ತು!” ಎಂದು ಮೇಷ್ಟ್ರು ಹಾಸಿಗೆಯಿಂದ ಹಾರಿದರು. ಟೈಲರ್ ಕಾಲು ಹಿಡಿದ, ಮೇಷ್ಟ್ರು ತೋಳು ಹಿಡಿದರು, ಅತ್ತೆ ತಲೆಗೆ ಆಸರೆಯಾದರು. ಸಾಹೇಬರು ಕ್ಷಣದಲ್ಲಿ ಕಿಟಕಿ ಪಕ್ಕದ ಹಾಸಿಗೆ ಸೇರಿದರು. ನರ್ಸ್ ಓಡಿಬಂದು ಹೊಲಿಗೆ ಹಾಕಿದರು. ಅದು ನೇರವಾಗಿದೆ ಎಂದು ಟೈಲರ್ ಒಪ್ಪಿದ.

ಸ್ವಲ್ಪ ಹೊತ್ತಿನಲ್ಲಿ ಸಾಹೇಬರು ಎದ್ದು ಕೂತರು. “ಎಂಥಾ ವಾರ್ಡು! ಇದಿಲ್ದಿದ್ರೆ ಇವತ್ತು ನನ್ನ ಗತಿ ಏನಾಗ್ತಿತ್ತು? ಇದನ್ನ ಮುಚ್ಚೋ ಮಾತೇ ಇಲ್ಲ.”

ಕಿರ್ರಣ್ಣನ ಕಣ್ಣು ತುಂಬಿಬಂತು. ಅತ್ತೆಯ ಕಾಲಿಗೆ ಬೀಳೋಣ ಎನ್ನಿಸಿದ್ದು ಜೀವನದಲ್ಲಿ ಅದೇ ಮೊದಲು.

“ಆದ್ರೆ ಒಂದು ಉಳಿತಾಯ ಕಣ್ಣಿಗೆ ಹೊಡೀತಿದೆ,” ಎಂದರು ಸಾಹೇಬರು. “ಇಲ್ಲಿ ರೋಗಿಗಳನ್ನ ರೋಗಿಗಳೇ ಹೊತ್ಕೊಂಡು ಬರ್ತಾರೆ. ಸ್ಟ್ರೆಚರ್ ತಳ್ಳೋಕೆ ಬೇರೆ ಆಳು ಯಾಕೆ?”

ಕಿರ್ರಣ್ಣನ ಕಾಲು ಕುಸಿಯಿತು. ಅವನು ನೆಲ ಮುಟ್ಟುವ ಮೊದಲೇ ಮೂವರೂ ಓಡಿಬಂದು ಅವನನ್ನು ಎತ್ತಿಕೊಂಡರು.

“ನೋಡಿದ್ರಾ?” ಎಂದರು ಸಾಹೇಬರು.