ಕಾಶ್ಕಾದ ವರದಿ, ನನ್ನ ಪಾಂಡಿತ್ಯ

ನಮ್ಮ ಮನೆಯಲ್ಲಿ ಕುದುರೆಗಿರುವ ಮರ್ಯಾದೆ ನನಗಿಲ್ಲ. ಅದನ್ನು ಗಳಿಸಲು ಹೊರಟೇ ಕೆಟ್ಟೆ. ನಮ್ಮ ನಾರಿನ್ ಕಣಿವೆಯಲ್ಲಿ ಓಟದ ಕುದುರೆಯನ್ನು ಹದಗೊಳಿಸುವವನಿಗೆ ಸಾಯಪ್ಕೇರ್ ಎನ್ನುತ್ತಾರೆ. ಭಾನುವಾರದ ಓಟದಲ್ಲಿ ನಮ್ಮ ಕುದುರೆ ಕಾಶ್ಕಾ ಗೆದ್ದರೆ ಮೈಕಿನಲ್ಲಿ ನನ್ನ ಹೆಸರು ಕೂಗುತ್ತಾರೆಂಬ ಒಂದೇ ಕನಸಿನಲ್ಲಿ, ನೆಲಕ್ಕೆ ಕಾಲು ತಾಗದೆ ಮೂರು ತಿಂಗಳು ತೇಲಾಡಿದ್ದೆ.

ಹದಗೊಳಿಸುವುದೆಂದರೆ ಬೊಜ್ಜು ಕರಗಲು ಕುದುರೆಯನ್ನು ಹಸಿದ ಹೊಟ್ಟೆಯಲ್ಲಿ ಗೂಟಕ್ಕೆ ಕಟ್ಟುವುದು. (ಸಾಯಪ್ಕೇರನೂ ಹಸಿದಿರಬೇಕೆಂಬ ನಿಯಮವಿಲ್ಲ; ನಾನು ಚೆನ್ನಾಗಿಯೇ ತಿಂದೆ.) ಹಾಗೆ ಕಟ್ಟಿದ ಎರಡನೆಯ ದಿನ ಪಶುವೈದ್ಯೆ ಸಾಲ್ಕಿನಾಯ್ ಬಂದು, ಓಟಕ್ಕೆ ಮೊದಲು ಪರೀಕ್ಷೆ ಆಗಬೇಕೆಂದು ರಕ್ತ ತೆಗೆದಳು. ಮೂತ್ರ ಹಿಡಿಯುವ ಮಹತ್ಕಾರ್ಯ ನನ್ನದು. ಡಬ್ಬಿ ಹಿಡಿದು ಒಂದು ಗಂಟೆ ಸಿಳ್ಳೆ ಹಾಕಿದೆ. ಕಾಶ್ಕಾ ಹಿಮದ ಶಿಖರ ನೋಡುತ್ತ ಧ್ಯಾನಸ್ಥವಾಗಿತ್ತು. ಹೆಂಡತಿ ಬುರುಲ್ಚಾ ರೊಟ್ಟಿ ತಟ್ಟುತ್ತಲೇ ಒಂದು ಸಿಳ್ಳೆ ಹಾಕಿದಳು. ಡಬ್ಬಿ ತುಂಬಿತು.

ಮರುದಿನ ವರದಿ ಬಂತು. ವೈದ್ಯೆ ಬರುವವರೆಗೆ ಕಾಯುವುದು ನನ್ನಂಥ ವಿದ್ವಾಂಸನಿಗೆ ಶೋಭೆಯೇ? ಹೋದ ವರ್ಷ ಆಸ್ಪತ್ರೆಯಲ್ಲಿ ಕೊಟ್ಟ ನನ್ನದೇ ವರದಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ನನ್ನದು ಹನ್ನೆರಡು, ಅದರದು ಎಂಬತ್ತು. ಮೂತ್ರ ನನ್ನದು ತಿಳಿ. ಅದರದು ಮಸಕು, ಲೋಳೆ, ಸುಣ್ಣದ ಹರಳು.

"ಬುರುಲ್ಚಾ, ಲಿವರ್ ಹೋಯ್ತು. ಕಿಡ್ನೀನೂ ಹೋಯ್ತು."

"ಯಾರದ್ದು?"

"ಕಾಶ್ಕಾದ್ದು ಕಣೇ."

"ಅದಕ್ಕೆ ಇಲ್ದೇ ಇರೋದು ಹುಲ್ಲೊಂದೇ ರೀ. ಸಾಲ್ಕಿನಾಯ್ ಬರ್ಲಿ, ಕೇಳೋಣ."

ಕೇಳುವ ತಾಳ್ಮೆ ಯಾರಿಗಿತ್ತು? ಓಟದ ಸಮಿತಿಗೆ ಹೋಗಿ ಕಾಶ್ಕಾದ ಹೆಸರನ್ನೂ ಸಾಯಪ್ಕೇರ್ ಎಂದಿದ್ದ ನನ್ನ ಹೆಸರನ್ನೂ ಪಟ್ಟಿಯಿಂದ ಹೊಡೆಸಿಹಾಕಿ ಬಂದು, ಕಾಶ್ಕಾದ ಕೊರಳು ತಬ್ಬಿ ನಿಂತೆ. ಕಣ್ಣೀರಿನ ಮಂಜಿನಲ್ಲಿ ಅದು ಬೆಟ್ಟದಾಚೆ, ಮೋಡಗಳ ಹುಲ್ಲುಗಾವಲಿಗೆ ಹಗುರಾಗಿ ಹೊರಟುಹೋದಂತೆ ಕಂಡಿತು. (ನಿಜದಲ್ಲಿ ಅದು ನನ್ನ ಟೊಪ್ಪಿ ತಿನ್ನುತ್ತಿತ್ತು.)

ಸಂಜೆ ಸಾಲ್ಕಿನಾಯ್ ಎರಡೂ ಕಾಗದ ನೋಡಿ ತುಟಿ ಕಚ್ಚಿದಳು.

"ಅಣ್ಣಾ, ನಿಮ್ಮ ಅಂಕಿ ಕುದುರೆಗೆ ಹೊಂದಲ್ಲ. ಹಸಿದಿದ್ರೆ ಕುದುರೇಲಿ ಬಿಲಿರುಬಿನ್ ಏರುತ್ತೆ. ಲಿವರ್‌ದು ಬೇರೆಲ್ಲ ಸರಿ ಇದೆ. ಮೂತ್ರ ಮಸಕಾಗಿರೋದು ಕುದುರೆ ಜಾತಿಗೇ ಸಹಜ. ಹುಲ್ಲು ಹಾಕಿ, ಓಡಿಸಿ."

"ಹೆಸರು ಹೊಡೆಸಿಬಿಟ್ಟೆನಲ್ಲಮ್ಮ."

ಬುರುಲ್ಚಾ ಕಾಶ್ಕಾಗೆ ಹುಲ್ಲು ಹಾಕಿ, ತಲೆವಸ್ತ್ರ ಬಿಗಿದು, ಸಮಿತಿಯ ಕಡೆ ನಡೆದಳು.

ಭಾನುವಾರ ಕಾಶ್ಕಾ ಗಾಳಿಯ ಮೇಲೆ ತೇಲಿದಂತೆ ಎಲ್ಲರಿಗಿಂತ ಮುಂದೆ ಬಂತು. ನಾನು ನಿದ್ದೆಯಲ್ಲಿ ನಡೆಯುವವನಂತೆ ವೇದಿಕೆಯತ್ತ ಹೊರಟೆ. ಮೈಕು ಕೆಮ್ಮಿತು: "ಹದಗೊಳಿಸಿದ ಸಾಯಪ್ಕೇರ್, ಬುರುಲ್ಚಾ."

"ಕುದುರೇನ ವಾಪಸ್ ಸೇರಿಸ್ಕೊಂಡ್ರು," ಎಂದಳು ಅವಳು. "ನಿಮ್ಮನ್ನ ಬೇಡ ಅಂದ್ರು. ಸ್ವಲ್ಪ ಹಿಡ್ಕೊಳ್ಳಿ." ಲಗಾಮು ನನ್ನ ಕೈಗಿತ್ತು ವೇದಿಕೆ ಹತ್ತಿದಳು.

ಪತ್ರಿಕೆಯ ಫೋಟೋದಲ್ಲಿ ಅವಳೂ ಕಾಶ್ಕಾನೂ ಪೂರ್ತಿ ಬಂದಿದ್ದಾರೆ. ಕುದುರೆಯ ಹಿಂದೆ ಕಾಣುವ ಮೊಣಕೈ ನನ್ನದು.